ಓಡುತ್ತಿದ್ದಂತೆ ನಿಂತುಹೋಗುವ ಬೈಕ್: ವಿದ್ಯುತ್ ದೋಷವನ್ನು ಹುಡುಕುವ ಕ್ರಮ

ಪೂರ್ತಿ ಕೆಟ್ಟು ನಿಂತ ಬೈಕಿನ ದೋಷ ಬೇಗ ಸಿಗುತ್ತದೆ. ದಾರಿಯಲ್ಲಿ ಎರಡು ಸಲ ನಿಂತು, ಗ್ಯಾರೇಜಿಗೆ ತಂದೊಡನೆ ಏನೂ ಆಗದಂತೆ ಓಡುವ ಬೈಕ್ ಮಾತ್ರ ಮಾಲೀಕನ ತಾಳ್ಮೆಯನ್ನೂ ಜೇಬನ್ನೂ ಪರೀಕ್ಷಿಸುತ್ತದೆ. ಅಂಥ ಬೈಕಿಗೆ ಪ್ಲಗ್, ಕಾಯಿಲ್, ಬ್ಯಾಟರಿ, ಸಿಡಿಐ (ಕಿಡಿಯನ್ನು ನಿಯಂತ್ರಿಸುವ ಪೆಟ್ಟಿಗೆ) ಎಂದು ಊಹೆಯ ಮೇಲೆ ಒಂದೊಂದನ್ನೇ ಬದಲಿಸುವ ಮೊದಲು, ಅದು ಹೇಗೆ ಮತ್ತು ಯಾವಾಗ ನಿಲ್ಲುತ್ತದೆ ಎಂಬುದನ್ನು ಒಂದು ವಾರ ಬರೆದಿಡುವುದು ಒಳ್ಳೆಯದು.

ಎಂಜಿನ್ ಮುಗ್ಗರಿಸಿ, ಎಳೆತ ಕಳೆದುಕೊಂಡು ನಿಧಾನವಾಗಿ ನಿಂತರೆ ಮೊದಲು ಪೆಟ್ರೋಲ್ ಹರಿವನ್ನು ಅನುಮಾನಿಸಬೇಕು. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ನಿಂತು, ಟ್ಯಾಂಕಿನ ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಒಳಗೆಳೆದುಕೊಂಡು ಮತ್ತೆ ಸ್ಟಾರ್ಟ್ ಆದರೆ, ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ ಎಂದೇ ಅರ್ಥ. ಇದಕ್ಕೆ ವೈರಿಂಗ್ ಬಿಚ್ಚುವ ಅಗತ್ಯವಿಲ್ಲ. ಇದಕ್ಕೆ ಬದಲಾಗಿ, ಯಾರೋ ಕೀಲಿ ಆಫ್ ಮಾಡಿದಂತೆ ಎಂಜಿನ್ ಒಮ್ಮೆಗೇ ಆರಿಹೋದರೆ ಅದು ಬಹುಮಟ್ಟಿಗೆ ವಿದ್ಯುತ್ತಿನ ದೋಷ. ಆಗ ರಸ್ತೆಯ ಪಕ್ಕಕ್ಕೆ ಸರಿದು, ಕೀಲಿಯನ್ನು ಮುಟ್ಟದೆ, ಗೇರನ್ನು ನ್ಯೂಟ್ರಲ್‌ಗೆ ತಂದು, ನ್ಯೂಟ್ರಲ್ ದೀಪ ಮತ್ತು ಹಾರ್ನ್ ನೋಡಬೇಕು. ಎರಡೂ ಸತ್ತಿದ್ದರೆ ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸ್, ಕೀಲಿ ಸ್ವಿಚ್ ಇವುಗಳಲ್ಲಿ ಎಲ್ಲೋ ಸಂಪರ್ಕ ತಪ್ಪಿದೆ. ಎರಡೂ ಸರಿಯಿದ್ದು ಕಿಡಿ ಮಾತ್ರ ಇಲ್ಲದಿದ್ದರೆ ಕಿಲ್ ಸ್ವಿಚ್ (ಹ್ಯಾಂಡಲಿನ ಮೇಲೆ ಎಂಜಿನ್ ಆರಿಸುವ ಸ್ವಿಚ್), ಸೈಡ್ ಸ್ಟ್ಯಾಂಡ್ ಸ್ವಿಚ್, ಕಿಡಿಯ ಸಮಯ ತಿಳಿಸುವ ಪಿಕಪ್ ಕಾಯಿಲ್ ಅಥವಾ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ಕಡೆಗೆ ನೋಡಬೇಕು.

ಮುಂದಿನ ಕೆಲಸಕ್ಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6ರಿಂದ 12.8 ವೋಲ್ಟ್ ತೋರಿಸುತ್ತದೆ. ಎಂಜಿನ್ ವೇಗ ಹೆಚ್ಚಿಸಿದಾಗ ಇದು 13.5ರಿಂದ 14.5ರ ಒಳಗೆ ನಿಲ್ಲಬೇಕು. ಏರದಿದ್ದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬಲ್ಬುಗಳು ಪದೇಪದೇ ಸುಡುವುದಕ್ಕೂ ಅದೇ ಕಾರಣವಿರಬಹುದು. ಚಾರ್ಜಿಂಗ್ ಪರೀಕ್ಷಿಸಲೆಂದು ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಳಚುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ಹಾಗೆ ಮಾಡಿದರೆ ಸಿಡಿಐ ಅಥವಾ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟುಹೋಗಬಹುದು. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ನಿಯಂತ್ರಣದ ಭಾರತೀಯ ಮಾನದಂಡ) ಬೈಕುಗಳಲ್ಲಿ ಹೆಚ್ಚಿನವು ಫ್ಯೂಯಲ್ ಇಂಜೆಕ್ಷನ್ನಿನವು; ಇವುಗಳಲ್ಲಿ ಪೆಟ್ರೋಲ್ ಪಂಪ್ ಸಹ ಬ್ಯಾಟರಿಯನ್ನೇ ನಂಬಿರುವುದರಿಂದ, ಕೀಲಿ ತಿರುಗಿಸಿದಾಗ ಎರಡು ಮೂರು ಸೆಕೆಂಡ್ ಕೇಳುವ ಪಂಪಿನ ಗುಂಯ್ ಸದ್ದು ಕೇಳದಿದ್ದರೆ ಅಲ್ಲಿಂದಲೇ ಹುಡುಕಾಟ ಆರಂಭಿಸಬೇಕು.

ನನ್ನ ಅನುಭವದಲ್ಲಿ ಅತಿ ಹೆಚ್ಚು ಕಾಡುವುದು ಅರ್ತಿಂಗ್, ಅಂದರೆ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಮತ್ತು ಚಾಸಿಯ ಲೋಹಕ್ಕೂ ಇರುವ ಸಂಪರ್ಕ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು ಸೆಲ್ಫ್ ಒತ್ತಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ, ಅರ್ತ್ ವೈರಿನ ಬೋಲ್ಟ್ ಬಿಚ್ಚಿ ತುಕ್ಕನ್ನು ಉಜ್ಜಿ ತೆಗೆಯಬೇಕು. ಹೊಸದಾಗಿ ಪೇಂಟ್ ಮಾಡಿಸಿದ ಚಾಸಿಯಲ್ಲಿ ಬೋಲ್ಟಿನ ಅಡಿಯೂ ಬಣ್ಣ ಬಳಿದಿರುತ್ತಾರೆ, ಅದನ್ನೂ ಕೆರೆಯಬೇಕು.

ನಂತರ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಹೆಡ್‌ಲೈಟಿನ ಹಿಂದೆ ಮತ್ತು ಟ್ಯಾಂಕಿನ ಕೆಳಗೆ ಸಾಗುವ ವೈರುಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಾಡಿಸಿ, ಎಂಜಿನ್ ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡಿ. ಹ್ಯಾಂಡಲ್ ತಿರುಗುವಾಗ ವೈರು ಮಡಚುವ ಜಾಗದಲ್ಲಿ ಹೊರಗಿನ ಪ್ಲಾಸ್ಟಿಕ್ ಹಾಗೆಯೇ ಇದ್ದು, ಒಳಗೆ ತಾಮ್ರದ ಎಳೆಗಳು ಮಾತ್ರ ತುಂಡಾಗಿರುವುದು ಸಾಮಾನ್ಯ. ಕೀಲಿಯನ್ನೂ ಅಲುಗಾಡಿಸಿ ನೋಡಬೇಕು. ಮನೆಯ ಬೀಗದ ಕೈಗಳನ್ನೆಲ್ಲ ಒಂದೇ ಗೊಂಚಲಿಗೆ ಹಾಕಿ ತೂಗಿಸುವವರ ಕೀಲಿ ಸ್ವಿಚ್ ಬೇಗ ಸವೆಯುತ್ತದೆ.

ಬಿಸಿಯಾದಾಗ ನಿಂತು, ಇಪ್ಪತ್ತು ನಿಮಿಷ ತಣ್ಣಗಾದ ಮೇಲೆ ಹೊರಡುವ ಬೈಕಿನಲ್ಲಿ ಕಾಯಿಲುಗಳ ವಿದ್ಯುತ್ ರೋಧವನ್ನು (ಓಮ್ ಲೆಕ್ಕದಲ್ಲಿ) ತಣ್ಣಗಿದ್ದಾಗಲೂ ನಿಂತ ಕ್ಷಣದಲ್ಲೂ ಅಳೆದು, ಕಂಪನಿಯ ಸರ್ವಿಸ್ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಮಳೆಗಾಲದಲ್ಲಿ ಮಾತ್ರ ತೊಂದರೆ ಕೊಡುವ ಬೈಕಿಗಾದರೆ ಕತ್ತಲಲ್ಲಿ ಎಂಜಿನ್ ಓಡಿಸಿ, ಪ್ಲಗ್ ಕ್ಯಾಪ್ ಮತ್ತು ದಪ್ಪ ವೈರಿನ ಮೇಲೆ ನೀರನ್ನು ತುಂತುರಾಗಿ ಸಿಂಪಡಿಸಿದರೆ, ಸೋರುವ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ಆ ಹೊತ್ತಿನಲ್ಲಿ ಕೈ ಮುಟ್ಟಿಸಬಾರದು, ಹತ್ತಿರದಲ್ಲಿ ಪೆಟ್ರೋಲ್ ಸೋರಿಕೆಯೂ ಇರಬಾರದು.

ಫ್ಯೂಸ್ ಪದೇಪದೇ ಹಾರುತ್ತಿದ್ದರೆ ಅದರ ಜಾಗಕ್ಕೆ 12 ವೋಲ್ಟಿನ 21 ವಾಟ್ ಇಂಡಿಕೇಟರ್ ಬಲ್ಬನ್ನು ಜೋಡಿಸಿ, ದೀಪಗಳ ಸ್ವಿಚ್ಚುಗಳನ್ನು ಆರಿಸಿ, ಸದಾ ಉರಿಯುವ ಹೆಡ್‌ಲೈಟಾದರೆ ಅದರ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಕಳಚಿ, ಕೀಲಿ ತಿರುಗಿಸಿ. ಬಲ್ಬ್ ಪ್ರಖರವಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ, ಅಂದರೆ ವೈರು ಲೋಹಕ್ಕೆ ತಾಗುತ್ತಿದೆ. ಕಪ್ಲರುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದಾಗ ಬಲ್ಬ್ ಯಾವುದರ ಬಳಿ ಮಂಕಾಗುತ್ತದೆಯೋ ಆ ವೈರಿನಲ್ಲೇ ದೋಷವಿದೆ. ಅದು ಸಿಗುವವರೆಗೆ ದೊಡ್ಡ ಫ್ಯೂಸನ್ನಾಗಲಿ ತಾಮ್ರದ ಎಳೆಯನ್ನಾಗಲಿ ಹಾಕಿ ಓಡಿಸಬಾರದು. ಮುರಿದ ವೈರನ್ನು ಬರಿದೆ ತಿರುಚಿ ಟೇಪ್ ಸುತ್ತದೆ, ಬೆಸುಗೆ ಹಾಕಿ ಶಾಖಕ್ಕೆ ಕುಗ್ಗುವ ಸ್ಲೀವ್ ತೊಡಿಸಿ, ಹ್ಯಾಂಡಲ್ ತಿರುಗುವಾಗ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಬೇಕು.