ಹಿತ್ತಲ ಜೇಡಗಳ ಹೊತ್ತು ನೋಡಿ ಫೋಟೊ ತೆಗೆಯುವುದು

ನಮ್ಮದು ಮಲೆನಾಡಿನ ಸಾಗರ ಊರಿನ ಕಡೆಯ ಮನೆ. ಹಿತ್ತಲಲ್ಲಿ ದಾಸವಾಳ, ಕರಿಬೇವು, ಅಂಚಿಗೊಂದು ಬೇಲಿ, ಬೇಲಿಯಾಚೆ ಅಡಿಕೆ ತೋಟ. ಜೇಡ ಹುಡುಕಿಕೊಂಡು ಕಾಡಿಗೆ ಹೋಗುವ ಅಗತ್ಯವೇ ಬಿದ್ದಿಲ್ಲ. ಚೌತಿ ಕಳೆದು ಮಳೆ ಕಮ್ಮಿಯಾಗುತ್ತಿದ್ದಂತೆ ಬಲೆಗಳು ದೊಡ್ಡದಾಗುತ್ತವೆ. ಮುಂಚೆಯೂ ಜೇಡಗಳಿರುತ್ತವೆ, ಇನ್ನೂ ಮರಿ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ನವರಾತ್ರಿಯಿಂದ ಡಿಸೆಂಬರ್‌ವರೆಗೆ ಸುಗ್ಗಿ. ಹಬ್ಬಕ್ಕೆಂದು ಅಮ್ಮ ಕೋಲಿಗೆ ಪೊರಕೆ ಕಟ್ಟಿಕೊಂಡು ಹೊರಡುವುದೂ ಅದೇ ಹೊತ್ತಿಗೆ. "ಒಳಗಿಂದು ಎಷ್ಟು ಬೇಕಾದ್ರೂ ಹೊಡಿ ಅಮ್ಮ, ಹಿತ್ತಲದ್ದು ಮುಟ್ಟಬೇಡ" ಎಂದು ಒಪ್ಪಂದ ಮಾಡಿಕೊಂಡಿದ್ದೇವೆ. ಒಳಗೆ ಮೂಲೆಯಲ್ಲಿ ಜಿಡ್ಡುಗಟ್ಟಿದ ಬಲೆ ಕಟ್ಟುವ ಜೇಡಗಳೇ ಬೇರೆ. ನನಗೆ ಬೇಕಾದವು ಚಕ್ರದಾಕಾರದಲ್ಲಿ ಬಲೆ ನೇಯುವವು.

ಯಾವ ಕ್ಯಾಮೆರಾ ಎಂದು ಕೇಳುವವರು ಜಾಸ್ತಿ. ಎಷ್ಟು ಹೊತ್ತಿಗೆ ಹೋಗ್ತೀರಿ ಎಂದು ಕೇಳುವವರು ಕಮ್ಮಿ. ನನ್ನ ಪ್ರಕಾರ ಕೇಳಬೇಕಾದ್ದು ಎರಡನೆಯದು.

ಹಗಲಿಗೆ ಸಿಗುವುದರಲ್ಲಿ ಸುಲಭದ್ದು ಸಿಗ್ನೇಚರ್ ಸ್ಪೈಡರ್, ಅಂದರೆ ಆರ್ಜಿಯೋಪ್. ಹೊಟ್ಟೆಯ ಮೇಲೆ ಹಳದಿ, ಕಂದು ಪಟ್ಟೆ. ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ, ತಲೆ ಕೆಳಗೆ ಮಾಡಿ ಬಲೆಯ ನಡುವೆ ಕೂತಿರುತ್ತದೆ. ಕಾಲಿನ ನೇರಕ್ಕೆ ಬಿಳಿ ಅಂಕುಡೊಂಕು ಗೀಟುಗಳನ್ನೂ ನೇಯ್ದಿರುತ್ತದೆ. ಮರಿಗಳು ಗೀಟಿನ ಬದಲು ದುಂಡಗೆ ನೇಯುವುದುಂಟು. ಇದು ಯಾಕೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹುಳುಗಳನ್ನು ಸೆಳೆಯಲು ಎಂದು ಕೆಲವರು, ಹಕ್ಕಿಗಳು ನೋಡಿ ಬಲೆ ಹರಿಯದೆ ಹೋಗಲಿ ಎಂದು ಕೆಲವರು. ಅಂದಹಾಗೆ, ಚೆನ್ನಾಗಿ ಕಾಣಲಿ ಎಂದು ಫೋಟೊ ತಿರುಗಿಸಿ ತಲೆ ಮೇಲೆ ಮಾಡಿ ಹಾಕುವವರಿದ್ದಾರೆ. ನನಗೆ ಅದನ್ನು ಕಂಡರೆ ಆಗುವುದಿಲ್ಲ. ಜೇಡ ಕೂತ ಹಾಗೇ ಇರಲಿ ಬಿಡಿ.

ಇದು ಬಲೆಯ ಒಂದು ಮಗ್ಗುಲಲ್ಲಿ ಕೂರುತ್ತದೆ. ಒಂದು ಕಡೆಯಿಂದ ಬೆನ್ನು, ಇನ್ನೊಂದು ಕಡೆಯಿಂದ ಬಲೆಯ ಮೂಲಕ ಹೊಟ್ಟೆ. ಎರಡೂ ಕಡೆ ನಿಂತು ತೆಗೆಯಬೇಕು. ಹತ್ತಿರ ಹೋಗುವಾಗ ಬಲೆ ಕಟ್ಟಿದ ಟೊಂಗೆಗೆ ತಾಗಬಾರದು. ಇದಕ್ಕೆ ಕಣ್ಣು ಅಷ್ಟಕ್ಕಷ್ಟೆ, ಎಲ್ಲವೂ ನೂಲಿನ ಅದುರಿನಲ್ಲೇ ಗೊತ್ತಾಗುತ್ತದೆ. ಹೆದರಿದರೆ ಇಡೀ ಬಲೆಯನ್ನು ಹಿಂದೆ ಮುಂದೆ ಜೋರಾಗಿ ಆಡಿಸುತ್ತದೆ, ಇಲ್ಲವೇ ನೂಲು ಬಿಟ್ಟುಕೊಂಡು ಕೆಳಗೆ ಬೀಳುತ್ತದೆ. ಆಗ ಸುಮ್ನೆ ಹಿಂದೆ ಸರಿದು ನಿಲ್ಲಬೇಕು. ತಾನೇ ಮೇಲೆ ಬರುತ್ತದೆ. ಬಲೆಯ ಮೂಲೆಯಲ್ಲಿ ತೀರಾ ಸಣ್ಣದೊಂದು ಕಂದು ಜೇಡ ಕಂಡರೆ ಮರಿ ಅಂದುಕೊಳ್ಳಬೇಡಿ, ಅದು ಗಂಡಿರಬಹುದು.

ನಾನು ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 100 ಎಂಎಂ ಮ್ಯಾಕ್ರೊ ಲೆನ್ಸ್ ಬಳಸುತ್ತೇನೆ. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8ರಿಂದ 11ರೊಳಗೆ, ಶಟರ್ 1/200, ಫ್ಲ್ಯಾಶಿಗೆ ತೆಳ್ಳನೆ ಥರ್ಮಾಕೋಲ್ ಹಾಳೆ ಅಡ್ಡ. ಆರ್ಜಿಯೋಪ್‌ನ ತಲೆಯ ಭಾಗದಲ್ಲಿ ಬೆಳ್ಳಿ ಬಣ್ಣದ ಕೂದಲಿರುತ್ತದೆ, ಫ್ಲ್ಯಾಶ್ ಜಾಸ್ತಿಯಾದರೆ ಅದೆಲ್ಲ ಬೆಳ್ಳಗೆ ಸುಟ್ಟುಹೋಗುತ್ತದೆ. ಫೋಕಸ್ ಕೈಯಲ್ಲೇ. ಆಟೋ ಬಿಟ್ಟರೆ ಹಿಂದಿನ ಎಲೆಗೆ ಹೋಗಿ ಕೂರುತ್ತದೆ. ರಿಂಗ್ ತಿರುಗಿಸುವ ಬದಲು ಮೈಯನ್ನೇ ಒಂದಿಷ್ಟು ಹಿಂದೆ ಮುಂದೆ ಮಾಡಿ, ಚೂಪಾದ ಕ್ಷಣಕ್ಕೆ ಒತ್ತುವುದು. ಮೊಬೈಲ್ ಇರುವವರು ಜೇಡ ಇರುವಷ್ಟೇ ದೂರಕ್ಕೆ, ಬಲೆಗೆ ತಾಗದಂತೆ ಪಕ್ಕದಲ್ಲಿ ಅಂಗೈ ಹಿಡಿದು, ಅಲ್ಲಿ ಫೋಕಸ್ ಲಾಕ್ ಮಾಡಿ ಕೈ ತೆಗೆದರೆ ಕೆಲಸ ಆಗುತ್ತದೆ.

ಬಲೆಯೇ ಬೇಕು ಅಂದರೆ ಬೆಳಿಗ್ಗೆ, ಬಿಸಿಲು ಅಡ್ಡಕ್ಕೆ ಬೀಳುವಾಗ. ಸೂರ್ಯನಿಗೆ ಎದುರಾಗಿ ನಿಂತು, ಬಲೆ ನಡುವೆ ಬರುವಂತೆ ನೋಡಿಕೊಂಡು, ಲೆನ್ಸಿಗೆ ಕೈ ಮರೆ ಮಾಡಬೇಕು. ಹಿಂದೆ ನೆರಳಿನ ಜಾಗ ಇದ್ದರೆ ನೂಲು ಒಂದೊಂದೂ ಕಾಣುತ್ತದೆ, ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣವೂ. ಇಬ್ಬನಿ ಬೀಳುವ ದಿನ ಬೇಗ ಏಳಬೇಕು. ಸ್ಪ್ರೇಯರಿನಲ್ಲಿ ನೀರು ಹೊಡೆಯುವುದು, ಹಿಟ್ಟು ಉದುರಿಸುವುದು ನಾನು ಮಾಡುವುದಿಲ್ಲ. ಹಿಟ್ಟು ಬಿದ್ದ ಬಲೆಯ ಅಂಟು ಹೋಗುತ್ತದೆ, ಹುಳು ನಿಲ್ಲುವುದಿಲ್ಲ. ನಮ್ಮ ಫೋಟೊಗೆ ಅದರ ಊಟ ಯಾಕೆ ಕೆಡಿಸಬೇಕು, ಅಲ್ವಾ?

ಬಲೆಗೆ ಮಿಡತೆ ಬಿದ್ದಾಗ ಹತ್ತಿರ ಇದ್ದರೆ ಅದೃಷ್ಟ. ಜೇಡ ಓಡಿಬಂದು ಮೊದಲು ಕಚ್ಚುವುದಿಲ್ಲ. ತಿರುಗಿ ಹಿಂಭಾಗ ಕೊಡುತ್ತದೆ. ಶ್ಯಾವಿಗೆ ಒರಳಿನಿಂದ ಇಳಿದ ಹಾಗೆ ಎಳೆಗಳು ಒಟ್ಟಿಗೆ ಬರುತ್ತವೆ. ಹಿಂಗಾಲಿನಿಂದ ಅದನ್ನು ಎಳೆದೆಳೆದು ಎಸೆಯುತ್ತಾ ಮಿಡತೆಯನ್ನು ಉರುಳಿಸಿ ಸುತ್ತುತ್ತದೆ. ಕಾಲು ಒದೆಯುವುದು ನಿಂತ ಮೇಲೆ ಕಚ್ಚುತ್ತದೆ. ಚಿಟ್ಟೆ, ಪತಂಗ ಬಿದ್ದರೆ ಮಾತ್ರ ಕ್ರಮ ತಿರುಗಾಮುರುಗಾ, ಮೊದಲು ಕಚ್ಚಿ ಹಿಡಿದುಕೊಳ್ಳುತ್ತದೆ. ರೆಕ್ಕೆಯ ಪುಡಿ ಅಂಟಿಗೆ ಮೆತ್ತಿ ಅವು ಜಾರಿಕೊಂಡುಬಿಡುತ್ತವಲ್ಲ, ಅದಕ್ಕೆ.

ಆದರೆ ನಿಜವಾದ ಮಜಾ ಮುಸ್ಸಂಜೆಯಲ್ಲಿ. ನಿಯೋಸ್ಕೋನಾ ಎಂಬ ಕುಲದ ಜೇಡಗಳು ಹಗಲೆಲ್ಲ ಎಲೆ ಮರೆಯಲ್ಲಿ ಮುದುಡಿಕೊಂಡಿದ್ದು ಕತ್ತಲಾಗುವಾಗ ಇಳಿಯುತ್ತವೆ. ದೀಪ ಹಚ್ಚುವ ಹೊತ್ತಿಗೆ ನಾನು ಗಂಬೂಟು ಹಾಕಿ, ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡುತ್ತೇನೆ. ಉಂಬಳ ಒಂದು ಕಡೆ, ಕೊಳಕುಮಂಡಲದ ಭಯ ಇನ್ನೊಂದು ಕಡೆ, ಬರಿಗಾಲಲ್ಲಿ ಹೋಗುವ ಜಾಗವಲ್ಲ.

ಮೊದಲು ಗಾಳಿಗೆ ಒಂದು ನೂಲು ತೇಲಿ ಆಚೆ ಟೊಂಗೆಗೆ ಅಂಟುತ್ತದೆ. ಆಮೇಲೆ ಚೌಕಟ್ಟು, ನಡುವಿನಿಂದ ಸೈಕಲ್ ಚಕ್ರದ ಕಡ್ಡಿಗಳಂಥ ನೂಲುಗಳು. ಅದರ ಮೇಲೆ ಒಳಗಿನಿಂದ ಹೊರಗೆ ದೂರದೂರ ಸುತ್ತು ಹಾಕುತ್ತದೆ. ಅದು ಬರೀ ಅಟ್ಟಣಿಗೆ, ಅಂಟಿಲ್ಲ. ಈಗ ಹೊರಗಿನಿಂದ ಒಳಗೆ ಅಂಟಿನ ನೂಲು ಸುತ್ತುತ್ತಾ, ಅಟ್ಟಣಿಗೆಯನ್ನು ಕಿತ್ತುಕೊಂಡು ಬರುತ್ತದೆ. ಮುಂಗಾಲಿನಿಂದ ಹಿಂದಿನ ಸುತ್ತನ್ನು ತಡವಿ ಅಂತರ ನೋಡುವುದು, ಹಿಂಗಾಲಿನಿಂದ ನೂಲು ಎಳೆಯುವುದು, ಹಿಂಭಾಗ ಒತ್ತಿ ಕಡ್ಡಿಗೆ ಅಂಟಿಸುವುದು. ಪ್ರತಿ ಕಡ್ಡಿಗೂ ಇದೇ ಮೂರು ಕೆಲಸ, ಎಲ್ಲೂ ತಪ್ಪುವುದಿಲ್ಲ. ಬೆಳಗಾಗುವ ಮುಂಚೆ ಎಷ್ಟೋ ಸಲ ಬಲೆಯನ್ನು ತಾನೇ ತಿಂದು ಮುಗಿಸಿರುತ್ತದೆ. ಅದಕ್ಕೇ ಹಗಲಲ್ಲಿ ಬಂದವರು ಇಲ್ಲಿ ಏನೂ ಇಲ್ಲ ಎನ್ನುತ್ತಾರೆ. ನೇಯುವಾಗ ನಾನು ಫ್ಲ್ಯಾಶ್ ಕಮ್ಮಿ ಬಳಸುತ್ತೇನೆ, ಹೆಚ್ಚು ಹೊತ್ತು ನೋಡುವುದೇ.

"ಜೇಡ ಉಚ್ಚೆ ಹೊಯ್ದರೆ ಮೈ ಗುಳ್ಳೆ ಏಳುತ್ತದೆ" ಎಂದು ಪಕ್ಕದ ಮನೆಯವರು ಈಗಲೂ ಎಚ್ಚರಿಸುತ್ತಾರೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು ಕಪ್ಪು ಬಣ್ಣದ ಸಣ್ಣ ಹುಳುವೊಂದಿದೆ. ಅದನ್ನು ಮೈಮೇಲೆ ಜಜ್ಜಿದರೆ ಹಾಗೆ ಗುಳ್ಳೆ ಏಳುತ್ತದೆ. ಕೆಟ್ಟ ಹೆಸರು ಮಾತ್ರ ಜೇಡಕ್ಕೆ. ಹಿತ್ತಲಿನ ಈ ಜೇಡಗಳು ನಮ್ಮನ್ನು ಕಚ್ಚಲು ಬರುವುದಿಲ್ಲ. ಕೈಯಲ್ಲಿ ಒತ್ತಿಹಿಡಿದರೆ ಕಚ್ಚಬಹುದು, ಹಿಡಿಯುವ ಕೆಲಸವೇ ಇಲ್ಲವಲ್ಲ.

ಒಣ ಎಲೆ ನೇತಾಡುತ್ತಿದ್ದರೂ ಒಮ್ಮೆ ತಿರುಗಿ ನೋಡಿ. ಚೂಪು ಟೋಪಿಯಂಥ ಮೈಯ, ಒಣಗಿದ ಎಲೆಯ ವೇಷದ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂಬ ಜೇಡವನ್ನು 2016ರಲ್ಲಿ ಹೊಸ ಪ್ರಭೇದ ಎಂದು ಹೆಸರಿಸಿದರು. ಅದು ಸಿಕ್ಕಿದ್ದು ನಮ್ಮ ಮಲೆನಾಡಿನ ಕಾನಿನಲ್ಲೇ. ಫೋಟೊಗಳನ್ನು ನಾನು, ಜೀವಿಗಳ ಫೋಟೊ ಹಾಕಿ ಹೆಸರು ಕೇಳುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕುತ್ತೇನೆ. ಬೆನ್ನು, ಹೊಟ್ಟೆ, ಇಡೀ ಬಲೆ, ಮೂರೂ ಇದ್ದರೆ ತಿಳಿದವರು ಹೆಸರು ಹೇಳುವುದು ಸಲೀಸು. ನಿಯೋಸ್ಕೋನಾ ಮಾತ್ರ ಎಷ್ಟು ಚೆಂದದ ಫೋಟೊ ಹಾಕಿದರೂ ಬಹಳಷ್ಟು ಸಲ "ನಿಯೋಸ್ಕೋನಾ" ಎಂಬಲ್ಲಿಗೇ ನಿಲ್ಲುತ್ತದೆ. ಹೆಣ್ಣಿನ ಹೊಟ್ಟೆಯ ಅಡಿಯ ಅಂಗ ಸ್ಪಷ್ಟವಾಗಿ ಕಾಣದೆ ಮುಂದಿನ, ಅಂದರೆ ಪ್ರಭೇದದ ಹೆಸರು ಹೇಳುವುದು ಕಷ್ಟ.