ಡಬ್ಬಿ ಮ್ಯಾಲಿನ ಸೆಂಟಿನ ಮಾತು ಓದೋದು ಹೆಂಗ

ಆಫ್ಟರ್‌ಶೇವ್, ಶೇವಿಂಗ್ ಕ್ರೀಮ್, ಗಡ್ಡದ ಎಣ್ಣಿ ಎಲ್ಲಾ ಈಗ ಆನ್‌ಲೈನ್‌ನ್ಯಾಗ ತರಸ್ತೀವಿ, ಮೂಸಿ ನೋಡಾಕಂತೂ ಬರೂದಿಲ್ಲ, ಫ್ರೆಶ್, ವುಡಿ, ಅಂಬರ್ ಅಂತ ಅವರು ಬರದಿದ್ದನ್ನ ನಂಬಿ ರೊಕ್ಕ ಕೊಡಬೇಕು. ಆ ಮಾತುಗಳನ್ನ ನಮ್ಮ ಮೂಗಿಗೆ ಮೊದಲ ಗೊತ್ತಿರೋ ವಾಸನಿಗೆ ಹಚ್ಚಿ ಓದ್ರಿ, ರೊಕ್ಕ ಉಳೀತೈತಿ.

ಎಲ್ಲಾಕ್ಕಿಂತ ಮೋಸದ ಮಾತು ಅಂದ್ರ ಫ್ರೆಶ್. ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಜಾತಿಗೆ ಅದ ಹೆಸರು ಹಚ್ಚಿಬಿಟ್ಟಾರ. ಸಿಟ್ರಸ್ ಫ್ರೆಶ್ ಅಂದ್ರ ಇಂಡಿ ಲಿಂಬಿಹಣ್ಣಿನ ಸಿಪ್ಪಿ ಉಗುರಿಲೆ ಗೀರಿದಾಗ ಬರ್ತೈತಲ್ಲ, ಅದು. ಆಕ್ವಾಟಿಕ್, ಮರೀನ್ ಅಂತ ಇದ್ರ ಅದು ಸಮುದ್ರದಿಂದ ತಗದದ್ದೇನಲ್ಲ, ಹೆಚ್ಚಾಗಿ ಕ್ಯಾಲೋನ್ ಅಂತ ಒಂದು ಕೆಮಿಕಲ್ ಇರ್ತೈತಿ, 1966ರಾಗ ಫೈಜರ್ ಕಂಪನಿಯವರು ಕಂಡುಹಿಡಿದದ್ದು, ಮೂಸಿದ್ರ ಸ್ವಲ್ಪ ಕಲ್ಲಂಗಡಿ ಕಡೆ ಹೊಳ್ಳತೈತಿ. ಇನ್ನ ಮೆಂಥಾಲ್ ಫ್ರೆಶ್‌ನ್ಯಾಗ ವಾಸನಿಗಿಂತ ತಂಪಿಂದ ಆಟ, ಚರ್ಮದಾಗ ತಂಪು ಹಿಡಿಯೋ ನರ ಎಬ್ಬಸ್ತೈತಿ ಅಷ್ಟ, ಮುಖ ಖರೇನ ತಣ್ಣಗ ಆಗಿರೂದಿಲ್ಲ.

ಬಾರ್ಬರ್‌ಶಾಪ್ ಅಥವಾ ಫೂಜೇರ್ ಅಂತ ಬರದಿದ್ರ ನನ್ನ ಕೇಳಿದ್ರ ಕಣ್ಣು ಮುಚ್ಚಿ ತಗೋರಿ ಅಂತೀನಿ. 1882ರಾಗ ಊಬಿಗಾಂ ಅನ್ನೋ ಫ್ರೆಂಚ್ ಕಂಪನಿ ಫೂಜೇರ್ ರೊಯಾಲ್ ಅಂತ ಸೆಂಟ್ ತಂತು, ಈ ಜಾತಿಗೆ ಅದರಿಂದನ ಹೆಸರು. ಲ್ಯಾವೆಂಡರ್, ಓಕ್‌ಮಾಸ್ (ಓಕ್ ಮರದ ಮ್ಯಾಲ ಬೆಳಿಯೋ ಕಲ್ಲುಹೂವಿನ ಜಾತಿ), ಕೂಮರಿನ್, ಈ ಮೂರು ಇದರ ಬುನಾದಿ. ಕೂಮರಿನ್ ಅಂದ್ರ ಒಣಹುಲ್ಲಿನ ಬಣವಿ ಬಾಜೂಕ ನಿಂತಾಗ ಬರೋ ನಮೂನಿ ಸಣ್ಣ ಸಿಹಿ, ಓಕ್‌ಮಾಸ್‌ಗೆ ಮಳಿಗಾಲದಾಗ ಖಾನಾಪುರ ಕಡೆ ಕಾಡಿನ್ಯಾಗ ಒದ್ದಿ ತೊಗಟಿ ಹೆಂಗಿರ್ತೈತಿ ನೆನಸ್ಕೋರಿ.

ವುಡಿ ಅಂತ ಬರೇ ಅಷ್ಟ ಬರದಿದ್ರ ಸಾಲೂದಿಲ್ಲ, ಯಾವ ಕಟಗಿ ನೋಡ್ರಿ. ಶ್ರೀಗಂಧ ಮೆತ್ತಗ, ಸೀಡರ್ ಅಂದ್ರ ಪೆನ್ಸಿಲ್ ಚೂಪ ಮಾಡಿದಾಗಿನ ಒಣ ವಾಸನಿ, ವೆಟಿವರ್ ಅಂದ್ರ ನಮ್ಮ ಲಾವಂಚದ ಬೇರ. ಅಂಬರ್ ಅಂದ್ರ ತಿಮಿಂಗಿಲದ ಅಂಬರ್‌ಗ್ರಿಸ್ ಅಂತ ಭಾಳ ಮಂದಿ ತಿಳ್ಕೊಂಡಾರ, ಅಲ್ಲ, ಲ್ಯಾಬ್ಡನಮ್ ಅನ್ನೋ ಅಂಟು, ವೆನಿಲ್ಲಾ ಮತ್ತ ಲೋಬಾನ ಕೂಡಿಸಿ ಮಾಡಿದ ಬೆಚ್ಚಗಿನ ವಾಸನಿ, ದರ್ಗಾದಾಗ ಲೋಬಾನ ಮೂಸಿದವರಿಗೆ ಅರ್ಧ ಗೊತ್ತ ಐತಿ. ಮಸ್ಕ್ ಅಂದ್ರ ಕಸ್ತೂರಿ ನಮೂನಿ ವಾಸನಿ, ಅದರದು ಒಂದು ಮಜಾ ಐತಿ, ಕೆಲವು ಮಸ್ಕ್ ಕೆಲವರ ಮೂಗಿಗೆ ಹತ್ತೂದ ಇಲ್ಲ, ಅದಕ್ಕ ರಿವ್ಯೂದಾಗ ಒಬ್ಬ ವಾಸನಿನ ಇಲ್ಲ ಅಂತಾನ, ಇನ್ನೊಬ್ಬ ತಲಿ ಹಿಡೀತು ಅಂತಾನ, ಇಬ್ಬರೂ ಸುಳ್ಳು ಹೇಳಿರೂದಿಲ್ಲ. ಗೋರ್ಮಾಂಡ್ ಅಂದ್ರ ತಿನ್ನೋ ಸಿಹಿ, ಬೆಳಗಾವಿ ಕುಂದಾ ಅಂಗಡಿ ಮುಂದ ಹಾದಂಗ. ಥಂಡಿಯಾಗ ಚಲೋ, ವಿಜಯಪುರದ ಮೇ ತಿಂಗಳ ಬಿಸಲಾಗ ಮಾತ್ರ ಬ್ಯಾಡ್ರೆಪಾ.

ಅಂಗಡಿಗೆ ಹೋಗಿ ತಗೊಳ್ಳೋರು ಮುಚ್ಚಳ ತಗದು ಮೂಸಿದ ಕೂಡಲೇ ಕೊಳ್ಳಬ್ಯಾಡ್ರಿ, ಲಿಂಬಿ, ಕಿತ್ತಳಿ ಜಾತಿವು ಹಗರ ಇರೋದ್ರಿಂದ ಮೊದಲ ಹಾರಿ ಹೊಕ್ಕಾವು, ಗಂಧ, ಮಸ್ಕ್, ವೆನಿಲ್ಲಾ ಕೆಳಗ ಉಳೀತಾವು, ಟಾಪ್ ನೋಟ್ ಬೇಸ್ ನೋಟ್ ಅನ್ನೋದು ಇದಕ್ಕ. ಮುಂಗೈಗೆ ಒಂದು ಹನಿ ಹಚ್ಚಗೊಂಡು ಬಜಾರ ಸುತ್ತಿ ಬಂದು ಆಮ್ಯಾಲ ಮೂಸ್ರಿ. ಅತ್ತರ್ ಇದ್ರ ಇನ್ನೂ ತಡೀರಿ, ಅದರಾಗ ಆಲ್ಕೋಹಾಲ್ ಇರೂದಿಲ್ಲ, ನಿಧಾನಕ್ಕ ಬಿಚ್ಚತೈತಿ. ಶೇವಿಂಗ್ ಕ್ರೀಮ್ ಆದ್ರ ನೊರಿ ಮಾಡಿ ಮೂಸ್ಬೇಕು.

ಮಂದಿಗೆ ಹೇಳೂವಾಗ ಮಸ್ತ್ ಐತಿ ಅಂದ್ರ ಏನೂ ತಿಳಿಯೂದಿಲ್ಲ, ಯಾವುದರಂಗ ಐತಿ, ಎಷ್ಟು ಜೋರ, ಎಷ್ಟು ಹೊತ್ತು ಇರ್ತೈತಿ ಹೇಳ್ರಿ. ನಮ್ಮ ಮಾತೂ ಬಳಸ್ರಿ: ಲವಂಗ ಹೆಚ್ಚಾದ್ರ ಘಾಟು, ಗಡ್ಡದ ಎಣ್ಣಿ ಹಳೀದಾಗಿ ಕೆಟ್ಟಿದ್ರ ಕಮಟು, ಅದನ್ನ ಚೆಲ್ಲಿಬಿಡ್ರಿ.

ಚರ್ಮ ಉರಿಯೋರು ಅನ್‌ಸೆಂಟೆಡ್ ನೋಡಿ ಮೋಸ ಹೋಗಬ್ಯಾಡ್ರಿ, ಬ್ಯಾರೆ ವಾಸನಿ ಮುಚ್ಚಾಕ ಅದರಾಗೂ ಸೆಂಟ್ ಹಾಕಿರಬಹುದು, ಫ್ರಾಗ್ರೆನ್ಸ್ ಫ್ರೀ ಅಂತಿದ್ದದ್ದನ್ನ ಹುಡಕ್ರಿ, ಡಬ್ಬಿ ಹಿಂದಿನ ಪಟ್ಟಿಯಾಗ ಪರ್ಫ್ಯೂಮ್ ಅಂತ, ಇಲ್ಲಾ ಲಿಮೋನಿನ್, ಲಿನಲೂಲ್, ಯೂಜಿನಾಲ್ ಅನ್ನೋ ಸೆಂಟಿನ ಕೆಮಿಕಲ್ ಅದಾವೇನು ಅಂತಾನೂ ಒಮ್ಮಿ ಕಣ್ಣಾಡಸ್ರಿ.