ಬಾಳೆಹಣ್ಣಿನ ಡಿಎನ್‌ಎ ಕಣ್ಣಾರೆ ನೋಡುವುದು ಹೇಗೆ?

ಹತ್ತನೇ ತರಗತಿಯ ಅನುವಂಶೀಯತೆ ಪಾಠದಲ್ಲಿ, ಹೆತ್ತವರ ಗುಣಗಳನ್ನು ಮಕ್ಕಳಿಗೆ ಸಾಗಿಸುವ ಡಿಎನ್‌ಎ ಅಂದರೆ ಬೋರ್ಡ್ ಮೇಲಿನ ತಿರುಚಿದ ಏಣಿ ಚಿತ್ರ, ಅಷ್ಟೇ. ಅದನ್ನು ಹಣ್ಣಿನಿಂದ ಹೊರಗೆ ತೆಗೆದು ತೋರಿಸಬಹುದು. ಮೈಕ್ರೋಸ್ಕೋಪ್ ಕೂಡ ಬೇಡ.

ಈ ಪ್ರಯೋಗಕ್ಕೆ ಎಲ್ಲರೂ ಹೇಳುವ ಹಣ್ಣು ಸ್ಟ್ರಾಬೆರಿ. ಅದರ ಒಂದೊಂದು ಜೀವಕೋಶದಲ್ಲೂ ಕ್ರೋಮೋಸೋಮ್‌ಗಳ, ಅಂದರೆ ಡಿಎನ್‌ಎ ಸುತ್ತಿಟ್ಟ ಕಟ್ಟುಗಳ, 8 ಸೆಟ್ ಇರುತ್ತವೆ, ನಮ್ಮಲ್ಲಿ ಇರುವುದು 2. ಆದರೆ ಹಾಸನದಲ್ಲಿ ಒಂದು ಡಬ್ಬಿ ಸ್ಟ್ರಾಬೆರಿಗೆ ಕೊಡುವ ದುಡ್ಡಿಗೆ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಇಡೀ ಕ್ಲಾಸಿಗೆ ಆಗುವಷ್ಟು ಬಾಳೆಹಣ್ಣು ಬರುತ್ತದೆ, ಅಲ್ವಾ? ಏಲಕ್ಕಿ ಬಾಳೆಯಲ್ಲಿ 2 ಸೆಟ್, ಪಚ್ಚಬಾಳೆಯಲ್ಲಿ 3. ಹಾಗಾಗಿ ಪಚ್ಚಬಾಳೆಯೇ ಇರಲಿ, ಚೆನ್ನಾಗಿ ಕಳಿತದ್ದು.

ಕೊನೆಗೆ ಡಿಎನ್‌ಎ ಬೇರ್ಪಡಿಸಲು ಸ್ಪಿರಿಟ್ ಬೇಕು, ಅದನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಅಂತ ಕೇಳಿ, ಶೇಕಡಾ 90ಕ್ಕಿಂತ ಜಾಸ್ತಿ ಇರುವುದು ಸಿಕ್ಕರೆ ಒಳ್ಳೆಯದು. ಸ್ಯಾನಿಟೈಸರ್ ಜೆಲ್ ಬೇಡವೇ ಬೇಡ. ಬಾಟಲಿಯನ್ನು ರಾತ್ರಿಯೇ ಫ್ರೀಜರ್‌ನಲ್ಲಿಡಿ, ಹೆಪ್ಪುಗಟ್ಟುವುದಿಲ್ಲ. ಇದು ಕುಡಿದರೆ ವಿಷ, ಬೆಂಕಿ ತಾಕಿದರೆ ಭಗ್ಗನೆ ಹತ್ತುತ್ತದೆ. ಬಿಸಿಯೂಟದ ಒಲೆ ಪಕ್ಕದ ಕೋಣೆಯಲ್ಲಿದ್ದರೆ ಪ್ರಯೋಗವನ್ನು ದೂರದ ಜಗುಲಿಗೆ ಒಯ್ಯಿರಿ.

ಈಗ ಕೆಲಸ. ಅರ್ಧ ಹಣ್ಣನ್ನು ಜಿಪ್ ಕವರಿಗೆ ಹಾಕಿ ಗಂಟಿಲ್ಲದ ಹಾಗೆ ಕಿವುಚಿ. ಇನ್ನೊಂದು ಲೋಟದಲ್ಲಿ 100 ಮಿಲಿ ನೀರು, ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೊರೆ ಬಾರದಂತೆ ಕಲಸಿ. ನೊರೆ ಎದ್ದರೆ ಕೊನೆಗೆ ಏನೂ ಸರಿಯಾಗಿ ಕಾಣುವುದಿಲ್ಲ. ಇದನ್ನು ಹಣ್ಣಿಗೆ ಸುರಿದು ಐದು ನಿಮಿಷ ಮೆಲ್ಲಗೆ ಆಡಿಸಿ. ಕೋಶದ ಪೊರೆಯಲ್ಲಿ ಕೊಬ್ಬಿದೆ. ಎಣ್ಣೆ ಜಿಡ್ಡನ್ನು ಬಿಡಿಸುವ ಸೋಪು ಈ ಪೊರೆಯನ್ನೂ ಬಿಡಿಸುತ್ತದೆ, ಒಳಗಿದ್ದ ಡಿಎನ್‌ಎ ನೀರಿಗೆ ಬರುತ್ತದೆ. ಡಿಎನ್‌ಎ ಎಳೆಗಳಿಗೆ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ತಳ್ಳುತ್ತಿರುತ್ತವೆ, ಉಪ್ಪು ಆ ತಳ್ಳಾಟ ಕಡಿಮೆ ಮಾಡುತ್ತದೆ.

ಸೋಸುವುದಕ್ಕೆ ಪೇಪರ್ ಕಾಫಿ ಫಿಲ್ಟರ್ ಅಂತ ಬರೆದಿರುತ್ತಾರೆ. ಕಾಫಿ ಸೀಮೆಯಲ್ಲಿದ್ದೂ ಅದು ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಡಿಕಾಕ್ಷನ್ನಿಗೆ ನಮಗೆ ಸ್ಟೀಲ್ ಫಿಲ್ಟರ್ ಇದೆಯಲ್ಲ! ಹಳೇ ಪಂಚೆ ಬಟ್ಟೆ ಸಾಕು. ಹಿಂಡಬೇಡಿ, ತಾನಾಗಿ ಇಳಿಯಲಿ.

ಇಡೀ ಪ್ರಯೋಗ ನಿಂತಿರುವುದು ಮುಂದಿನ ಒಂದು ನಿಮಿಷದ ಮೇಲೆ. ಸೋಸಿದ ರಸ ಟೆಸ್ಟ್ ಟ್ಯೂಬಿನಲ್ಲಿ ಎರಡು ಬೆರಳಷ್ಟಿರಲಿ. ಟ್ಯೂಬ್ ಓರೆ ಮಾಡಿ, ಅಷ್ಟೇ ಪ್ರಮಾಣದ ತಣ್ಣನೆ ಸ್ಪಿರಿಟ್ಟನ್ನು ಗಾಜಿನ ಗೋಡೆಗುಂಟ ಮೆಲ್ಲಗೆ ಬಿಡಿ. ಧಡಕ್ಕನೆ ಸುರಿದರೆ ಎರಡೂ ಕಲೆತುಹೋಗುತ್ತವೆ. ನಿಧಾನ ಬಿಟ್ಟರೆ ಮೇಲೊಂದು ತಿಳಿ ಪದರ ನಿಲ್ಲುತ್ತದೆ. ಡಿಎನ್‌ಎ ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ, ಅದಕ್ಕೆ ಎರಡು ಪದರ ಸೇರುವ ಜಾಗದಲ್ಲಿ ಮೊದಲು ಮಬ್ಬು, ಆಮೇಲೆ ಸಣ್ಣ ಗುಳ್ಳೆ ಅಂಟಿಕೊಂಡ ಬಿಳಿ ಎಳೆಗಳು ಮೇಲೇಳುತ್ತವೆ. ಕಡ್ಡಿಯ ತುದಿಗೆ ಸುತ್ತಿ ಎತ್ತಿದರೆ ಲೋಳೆಯಂತೆ ಜೋಲುತ್ತವೆ.

ಏಣಿ ಎಲ್ಲಿ ಸಾರ್ ಅಂತ ಒಬ್ಬರಾದರೂ ಕೇಳುತ್ತಾರೆ. ಒಂದು ಡಿಎನ್‌ಎ ಎಳೆಯ ದಪ್ಪ 2 ನ್ಯಾನೋಮೀಟರ್. 5 ಲಕ್ಷ ಎಳೆ ಪಕ್ಕಪಕ್ಕ ಜೋಡಿಸಿದರೆ 1 ಮಿಲಿಮೀಟರ್. ಕಾಣುತ್ತಿರುವುದು ದೊಡ್ಡ ಮುದ್ದೆ, ಒಂಟಿ ಎಳೆಯಲ್ಲ. ಆ ಮುದ್ದೆಯೂ ಶುದ್ಧ ಡಿಎನ್‌ಎ ಅಲ್ಲ, ಪ್ರೋಟೀನು, ಹಣ್ಣಿನ ಅಂಟಾದ ಪೆಕ್ಟಿನ್ ಸೇರಿರುತ್ತವೆ. ಇದನ್ನು ಮಕ್ಕಳಿಗೆ ಹೇಳಿಬಿಡಿ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1869ರಲ್ಲಿ ಸ್ವಿಸ್ ವಿಜ್ಞಾನಿ ಫ್ರೆಡ್ರಿಕ್ ಮೀಷರ್ ಆಸ್ಪತ್ರೆ ಬ್ಯಾಂಡೇಜಿನ ಕೀವಿನಿಂದ ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದಾಗಲೂ ಪ್ರೋಟೀನ್ ಕಳೆಯುವುದೇ ದೊಡ್ಡ ಕೆಲಸವಾಗಿತ್ತು. ನೀವು ಸೋಸಿದ ರಸಕ್ಕೆ ನಾಲ್ಕು ಹನಿ ಹಸಿ ಅನಾನಸ್ ರಸ ಬಿಟ್ಟು ನೋಡಿ, ಅದರಲ್ಲಿರುವ ಬ್ರೊಮೆಲೇನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಡಬ್ಬಿ ಅನಾನಸ್ ಆಗದು, ಕಾಯಿಸಿದರೆ ಅದರ ಶಕ್ತಿ ಹೋಗಿಬಿಡುತ್ತದೆ.

ಸಮಯ ಉಳಿದರೆ ಸೋಪು ಹಾಕದ ಇನ್ನೊಂದು ಟ್ಯೂಬ್ ಕೂಡ ಮಾಡಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದರಲ್ಲಿ ಎಷ್ಟು ಬಿಳಿ ಬಂತು, ಯಾಕೆ ಅಂತ ಅವರೇ ಜಗಳವಾಡಲಿ.